ನೀಲಿ ಹಚ್ಚಿದ ಶೇಂಗಾ

ಅವರ ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಔರಂಗಾಬಾದಿನ ಆ ಶೇಂಗಾ ಕಾರ್ಖಾನೆಯಲ್ಲಿ ಕಾಳು ಆರಿಸುತ್ತಿದ್ದ ಅರವತ್ತು ಹೆಂಗಸರಿಗೆ ಅವರು ‘ಕಾನಡಿ ಬಾಯಿ’, ಅಂದರೆ ಕನ್ನಡದ ಹೆಂಗಸು. ಮ್ಯಾನೇಜರರಿಗೂ ಅದೇ. ನನಗೆ ಮಾತ್ರ ಅಕ್ಕ. ಅವರು ತೀರಿಕೊಂಡು ಮೂರು ತಿಂಗಳಾಯಿತು. ಹೋದವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದು ಕಷ್ಟವೇನಲ್ಲ. ಇವರ ಬಗ್ಗೆ ಬರೆಯಲು ಕುಳಿತರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಹಿಂದೆಮುಂದೆ ನೋಡಿದೆ.

ಗುಲ್ಬರ್ಗಾದಲ್ಲಿ ಬಿಎಸ್ಸಿ ಮುಗಿಸಿಕೊಂಡು ಎಂಬತ್ತರ ದಶಕದ ನಡುವೆ ನಾನು ಅಲ್ಲಿ ಲ್ಯಾಬ್ ಕೆಮಿಸ್ಟ್ ಆಗಿ ಸೇರಿದೆ. ಹಳ್ಳಿಗಳಿಂದ ಬಂದ ಶೇಂಗಾ ಕಾಯಿಯನ್ನು ಸುಲಿಸಿ, ಕಾಳನ್ನು ಕೈಯಿಂದ ಒಂದೊಂದಾಗಿ ಆರಿಸಿ, ಒಂದೇ ಅಳತೆ ಒಂದೇ ಬಣ್ಣದ್ದನ್ನು ಹೊರದೇಶಕ್ಕೆ ಕಳಿಸುವುದು ಕಾರ್ಖಾನೆಯ ಕೆಲಸ. ಹೊರದೇಶದವರು ಕಾಳಿನಲ್ಲಿ ಬೂಷ್ಟಿನ ವಿಷ ಇದೆಯೇ ಎಂದು ಪರೀಕ್ಷೆ ಮಾಡಿಸಿಯೇ ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಲ್ಯಾಬು, ಹಾಗಾಗಿ ನಾನು.

ಮೊದಲ ದಿನವೇ ಆ ಹೆಂಗಸು ನನ್ನ ಪರೀಕ್ಷೆ ತೆಗೆದುಕೊಂಡರು. ಕಾಳು ಆರಿಸುವ ದೊಡ್ಡ ಹಾಲ್‌ನ ಮೇಲ್ವಿಚಾರಕಿ ಅವರು. ಐವತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ ಸೆರಗು. ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು ನನ್ನ ಮುಂದೆ ಚಾಚಿದರು.

“ಯಾವದು ಛಲೋ ಅದ, ಹೇಳ್ರಿ ಸಾಹೇಬ್ರ.”

ಎರಡೂ ಒಂದೇ ಥರ ಇದ್ದವು. ನಾನು ಸುಮ್ಮನೆ ಬಲಗೈ ತೋರಿಸಿದೆ. ಅವರು ಅದನ್ನು ನನ್ನ ಕಿವಿಯ ಹತ್ತಿರ ತಂದು ಅಲುಗಾಡಿಸಿದರು. ಸದ್ದಿಲ್ಲ.

“ಕಾಯಿ ಒಣಗಿತ್ತಂದ್ರ ಒಳಗ ಕಾಳು ಮಾತಾಡ್ತಾವ. ಹಸಿ ಇತ್ತಂದ್ರ ಬಾಯಿ ಮುಚ್ಚಿಕೊಂಡು ಕುಂದರತಾವ. ನಿಮಗ ಕಾಲೇಜಿನ್ಯಾಗ ಇದು ಕಲಿಸಿಲ್ಲೇನ್ರಿ?”

ಹಾಲಿನ ತುಂಬ ನಗು. ನಾನು ಗುಲ್ಬರ್ಗಾ ಕಡೆಯವನೆಂದು ತಿಳಿದ ಮೇಲೆ ಸ್ವರ ಬದಲಾಯಿತು. ಅವರದು ಬೀದರ ಜಿಲ್ಲೆಯ ಭಾಲ್ಕಿ. ಗಂಡ ಚಿಕಲಠಾಣಾದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಮದುವೆಯಾದ ವರ್ಷವೇ ಈ ಊರಿಗೆ ಬಂದವರು. ಆ ಭಾನುವಾರ ಮನೆಗೆ ಕರೆದು ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಜನರ ಮುಂದೆ ನಾನು ಸಾಹೇಬ. ಮನೆಯಲ್ಲಿ, ಲ್ಯಾಬಿನಲ್ಲಿ, ‘ತಮ್ಮಾ’ ಮತ್ತು ‘ನೀ’.

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಾಲಿನ ಕೆಲಸ ಸಿಗುವ ಮೊದಲು ಎಷ್ಟೋ ವರ್ಷ ಮನೆಯಲ್ಲಿ ಕೂತು ಕಾಯಿ ಸುಲಿದಿದ್ದರು. ದಪ್ಪ ಕಾಳು ಯಂತ್ರಕ್ಕೆ ಕೊಟ್ಟರೆ ಒಡೆಯುತ್ತದೆ. ಅದಕ್ಕಾಗಿ ಕಾರ್ಖಾನೆಯವರು ಚೀಲಗಟ್ಟಲೆ ಕಾಯಿಯನ್ನು ಬಸ್ತಿಯ, ಅಂದರೆ ಹತ್ತಿರದ ಕೂಲಿಕಾರರ ಕೇರಿಯ, ಹೆಂಗಸರ ಮನೆಗಳಿಗೆ ಕೊಟ್ಟು, ಸುಲಿದ ಕಾಳಿನ ತೂಕಕ್ಕೆ ಕೂಲಿ ಕೊಡುತ್ತಿದ್ದರು. ಬೆರಳ ತುದಿ ಎಮ್ಮೆಯ ಕೊಂಬಿನಂತೆ ಗಟ್ಟಿಯಾಗಿತ್ತು. “ಈ ಹೆಬ್ಬಟ್ಟ ಸತ್ತುಹೋಗ್ಯಾದ ತಮ್ಮಾ. ಬಿಸಿ ಹಂಚು ಮುಟ್ಟಿದ್ರೂ ಗೊತ್ತಾಗೂದಿಲ್ಲ,” ಎನ್ನುತ್ತಿದ್ದರು. ದುಃಖದಿಂದ ಹೇಳುತ್ತಿರಲಿಲ್ಲ. ರೊಟ್ಟಿ ತಿರುವಲು ಅನುಕೂಲ ಎನ್ನುವಂತೆ ಹೇಳುತ್ತಿದ್ದರು.

ಮೆತ್ತಗಿನ ಮನುಷ್ಯರಲ್ಲ. ಯಾರ ಮೇಜಿನಲ್ಲಾದರೂ ಕರೆಗಟ್ಟಿದ ಕಾಳು ತಪ್ಪಿ ಒಳ್ಳೆಯದರ ಜೊತೆ ಹೋದರೆ ಅಡಿಪಟ್ಟಿಯಿಂದ ಮಣಿಕಟ್ಟಿಗೆ ಹೊಡೆಯುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಒಬ್ಬರೇ ಮೂಲೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ತಿನ್ನುತ್ತಿದ್ದರು. ಬೇರೆಯವರ ಡಬ್ಬಿ ಮುಟ್ಟುತ್ತಿರಲಿಲ್ಲ, ತಮ್ಮದನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಹೆಂಗಸರು ಇದನ್ನು ಆಡಿಕೊಳ್ಳುತ್ತಿದ್ದರು, ತಪ್ಪೇನಿಲ್ಲ. ಮಾಲೀಕರ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಅವರಿಗೆ ಸೇರುತ್ತಿರಲಿಲ್ಲ. ಗಂಡನ ಕಾಲು ಮುರಿದಾಗ ಆಸ್ಪತ್ರೆಗೆ ಕಾರು ಕಳಿಸಿದವರು ಆ ಶೇಠರು.

ಎರಡನೆಯ ವರ್ಷ ದೀಪಾವಳಿಯ ಹೊತ್ತಿಗೆ ಬೂಷ್ಟು ಹಿಡಿದ ಕಾಳು ಇದ್ದಕ್ಕಿದ್ದಂತೆ ಹೆಚ್ಚಾಯಿತು. ಒಂದು ಲಾಟು ಬಂದರಿನಿಂದ ವಾಪಸು ಬಂತು. ಯಾಕೆಂದು ಹುಡುಕು ಎಂದು ಮ್ಯಾನೇಜರರು ನನಗೆ ಹೇಳಿದರು. ಅಕ್ಕನನ್ನು ಕರೆದುಕೊಂಡು ಬಸ್ತಿಗೆ ಹೋದೆ. ಪ್ರತಿ ಮನೆಯ ಮುಂದೆ ಸುಲಿಯಲು ಇಟ್ಟ ಕಾಯಿಯ ರಾಶಿ. ರಾಶಿಯ ಮೇಲೆ ನೀರು ಚಿಮುಕಿಸಿ ಗೋಣಿತಟ್ಟು ಮುಚ್ಚಿದ್ದರು. ತಟ್ಟು ಎತ್ತಿದರೆ ಹಬೆಯಂಥ ಬಿಸಿ, ಮುಗ್ಗಲು ವಾಸನೆ.

“ಇದು ಯಾಕೆ?” ಎಂದೆ.

“ನೆನದ್ರ ಸಿಪ್ಪಿ ಮೆತ್ತಗಾಗ್ತದ ತಮ್ಮಾ. ಒಣಾ ಕಾಯಿ ಸುಲದ್ರ ಮೂರು ದಿನದಾಗ ಹೆಬ್ಬಟ್ಟ ಹರೀತದ. ಹೊಸಾದಾಗಿ ಬಂದ ಹೆಣ್ಮಕ್ಕಳಿಗೆಲ್ಲಾ ನಾನೇ ಕಲಿಸೀನಿ.”

ಲ್ಯಾಬಿಗೆ ವಾಪಸು ಬಂದ ಮೇಲೆ ಅವರನ್ನು ಕೂರಿಸಿ ತೋರಿಸಿದೆ. ಕಾಳು ಅರೆದು, ದ್ರಾವಣದಲ್ಲಿ ಕಲಕಿ, ಸೋಸಿ, ತೆಳುವಾದ ಗಾಜಿನ ನಳಿಗೆಯಲ್ಲಿ ಇಳಿಸಬೇಕು. ಆಮೇಲೆ ಕತ್ತಲೆ ಪೆಟ್ಟಿಗೆಯೊಳಗೆ ಒಂದು ವಿಶೇಷ ದೀಪದ ಕೆಳಗೆ ನಳಿಗೆಯನ್ನು ಹಿಡಿದರೆ, ವಿಷ ಇದ್ದಲ್ಲಿ ಒಂದು ನೀಲಿ ಪಟ್ಟಿ ಹೊಳೆಯುತ್ತದೆ. ಅವರು ಪೆಟ್ಟಿಗೆಯ ಕಿಂಡಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

“ಇದು ತಿಂದ್ರ ಏನಾಗ್ತದ?”

“ತಿಂದ ದಿನ ಏನೂ ಆಗೂದಿಲ್ಲಕ್ಕಾ. ವರ್ಷಗಟ್ಟಲೆ ಒಳಗ ಕುಂತು ಲಿವರ್ ಹಾಳ ಮಾಡ್ತದ. ಸಣ್ಣ ಮಕ್ಕಳಿಗೆ ಇನ್ನೂ ಕೆಟ್ಟದ್ದು. ಹುರದ್ರೂ ಪೂರಾ ಹೋಗೂದಿಲ್ಲ.”

“ನೀರು ಹೊಡದಿದ್ದಕ್ಕ ಬಂತು?”

“ಹೌದು.”

ಅವರು ಕಿಂಡಿಯಿಂದ ಕಣ್ಣು ತೆಗೆದು, “ಹಂಗಾದ್ರ ಇದು ನಾ ಕಲಿಸಿದ್ದು,” ಎಂದರು. ಎದ್ದು ಹೋದರು.

ಮರುದಿನ ಬಸ್ತಿಯಲ್ಲಿ ಮನೆಮನೆಗೆ ಹೋಗಿ ನೀರಿನ ಬಕೀಟು ಉರುಳಿಸಿದರಂತೆ. ಒಬ್ಬಳು ಎದುರು ನಿಂತು, “ತುಝಂ ಬೋಟ ಮೇಲಂಯ ಬಾಯಿ, ಆಮಚಂ ಅಜೂನ ಜಿವಂತ ಆಹೆ,” ಎಂದಳು. ನಿನ್ನ ಬೆರಳು ಸತ್ತಿದೆ, ನಮ್ಮದು ಇನ್ನೂ ಜೀವ ಹಿಡಿದುಕೊಂಡಿದೆ ಎಂದು. ಆ ಮಾತು ಅವರಿಗೆ ನಾಟಿತು. ಬೈಯುವುದನ್ನು ಬಿಟ್ಟು ಸೀದಾ ಮ್ಯಾನೇಜರರ ಕೋಣೆಗೆ ಹೋದರು. ನಾನೂ ಅಲ್ಲಿದ್ದೆ. ತೂಕಕ್ಕೆ ಕೂಲಿ ಕೊಟ್ಟರೆ ಹೆಂಗಸರು ನೀರು ಹೊಡೆಯುತ್ತಾರೆ, ದಿನಕ್ಕೆ ಇಷ್ಟು ಎಂದು ಕೊಡಿ, ಒಣ ಕಾಯಿಯನ್ನೇ ನಿಧಾನವಾಗಿ ಸುಲಿಯುತ್ತಾರೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಮ್ಯಾನೇಜರರು ನಕ್ಕರು. “ಬಾಯಿ, ಇದೇನು ಸರ್ಕಾರಿ ಕಚೇರಿಯೇ? ಕರೇ ಕಾಳು ಬಂದರೆ ನೀವು ಆರಿಸಿ ತೆಗೆಯಿರಿ. ಅದಕ್ಕೇ ನಿಮ್ಮನ್ನು ಇಟ್ಟಿರುವುದು.”

ಹದಿನೈದು ದಿನದೊಳಗೆ ಬಸ್ತಿಯಲ್ಲಿ ಮತ್ತೆ ಗೋಣಿತಟ್ಟುಗಳು ಒದ್ದೆಯಾದವು. ಹಾಲಿನಲ್ಲಿ ಕಾಳು ಆರಿಸುವವರನ್ನು ಅವರು ಇನ್ನಷ್ಟು ಬಿಗಿ ಮಾಡಿದರು. ಬೂಷ್ಟಿನಿಂದ ಕಪ್ಪಾದ ಕರೇ ಕಾಳೆಂದು ತೆಗೆದದ್ದೆಲ್ಲ ಬೇರೆ ಚೀಲಕ್ಕೆ. ಆ ಚೀಲಗಳು ಸಾಬೂನಿನ ಎಣ್ಣೆ ತೆಗೆಯುವವರಿಗೆ ಹೋಗುತ್ತವೆ ಎಂದು ಮ್ಯಾನೇಜರರು ಹೇಳಿದ್ದನ್ನು ಎಲ್ಲರೂ ನಂಬಿದ್ದೆವು.

ಅಕ್ಕನ ಮೊಮ್ಮಗಳು, ಮಗಳ ಮಗಳು, ಹತ್ತಿರದ ಬಾಲವಾಡಿಗೆ ಹೋಗುತ್ತಿದ್ದಳು. ಅಲ್ಲಿ ಮಕ್ಕಳಿಗೆ ಹತ್ತು ಗಂಟೆಗೆ ಶೇಂಗಾ ಬೆಲ್ಲದ ಉಂಡೆ ಕೊಡುತ್ತಿದ್ದರು. ಒಂದು ದಿನ ಹುಡುಗಿ ಅರ್ಧ ಉಂಡೆಯನ್ನು ಮನೆಗೆ ತಂದು, ಕಹಿ ಇದೆ ಎಂದು ಅಜ್ಜಿಯ ಕೈಗೆ ಕೊಟ್ಟಳು. ಅಕ್ಕ ಬಾಯಿಗೆ ಹಾಕಿಕೊಂಡರು, ಉಗುಳಿದರು. ಮರುದಿನ ಬಾಲವಾಡಿಗೆ ಹೋಗಿ ಅಡುಗೆಯವಳನ್ನು ಮಾತಾಡಿಸಿ, ಶೇಂಗಾ ಚೀಲ ತೋರಿಸು ಎಂದರು. ಚೀಲದ ಬಾಯಿಯ ಸುತಳಿಗೆ ಅವರದೇ ಗಂಟು. ಹಾಲಿನಿಂದ ಹೊರಗೆ ಹೋಗುವ ಕರೇ ಕಾಳಿನ ಚೀಲಕ್ಕೆ ಅವರು ಎರಡು ಸುತ್ತು ಹಾಕಿ ಒಳಗಿನಿಂದ ಎಳೆಯುತ್ತಿದ್ದರು, ಬೇರೆ ಯಾರೂ ಹಾಗೆ ಕಟ್ಟುತ್ತಿರಲಿಲ್ಲ.

ಒಂದು ಹಿಡಿ ಕಾಳು ಸೆರಗಿನಲ್ಲಿ ಕಟ್ಟಿಕೊಂಡು ಲ್ಯಾಬಿಗೆ ಬಂದರು. “ದೀಪದಾಗ ಹಿಡಿ ತಮ್ಮಾ.” ಹಿಡಿದೆ. ಅಷ್ಟು ದಪ್ಪ ನೀಲಿ ಪಟ್ಟಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೊರದೇಶದವರು ಬೇಡವೆಂದು ನಾವು ಆರಿಸಿ ತೆಗೆದದ್ದು ಒಬ್ಬ ವ್ಯಾಪಾರಿಯ ಕೈ ಸೇರಿ, ಅಲ್ಲಿಂದ ಸುಲಿದವರ, ಆರಿಸಿದವರ ಮಕ್ಕಳ ಬಾಯಿಗೇ ಬಂದಿತ್ತು.

“ಮ್ಯಾನೇಜರಗ ಹೇಳೋಣ,” ಎಂದೆ.

“ಅವನಿಗಿ ಗೊತ್ತಿಲ್ಲಂತ ತಿಳದೀಯೇನು?” ಎಂದರು.

ಮುಂದಿನ ವಾರ ಕಿರಾಣಿ ಅಂಗಡಿಯಿಂದ ಬಟ್ಟೆಗೆ ಹಾಕುವ ನೀಲಿಯ ಪುಡಿ ಡಬ್ಬಿಗಟ್ಟಲೆ ತಂದರು. ಹಾಲಿನಲ್ಲಿದ್ದ ಕರೇ ಕಾಳಿನ ಪ್ರತಿ ಚೀಲವನ್ನೂ ನೆಲಕ್ಕೆ ಸುರಿಸಿ, ನೀಲಿ ನೀರು ಹಾಕಿ, ಕೈಯಿಂದ ಕಲಸಿ, ಒಣಗಿಸಿ, ಮತ್ತೆ ತುಂಬಿದರು. ಇಬ್ಬರು ಹೆಂಗಸರು ಜೊತೆಗಿದ್ದರು. ಮೂವರ ಕೈಯೂ ಮೊಣಕೈವರೆಗೆ ನೀಲಿ. ನಾನು ಲ್ಯಾಬಿನ ಕಿಟಕಿಯಿಂದ ನೋಡಿದೆ, ತಡೆಯಲಿಲ್ಲ. ಕೆಳಗೆ ಇಳಿದು ಕೈಯನ್ನೂ ಹಚ್ಚಲಿಲ್ಲ. “ನಿನ್ನ ದೀಪದಾಗ ಕಂಡಿದ್ದು ಇನ್ನ ಎಲ್ಲಾರಿಗೂ ಬಿಸಿಲಾಗೇ ಕಾಣ್ಲಿ. ಸಾಬೂನಿಗಿ ಹೋಗೂದಿದ್ರ ನೀಲಿಯಿಂದ ಏನ್ ತ್ರಾಸ?” ಎಂದು ಆಮೇಲೆ ಲ್ಯಾಬಿಗೆ ಬಂದು ಹೇಳಿದರು.

ವ್ಯಾಪಾರಿಯ ಲಾರಿ ಎರಡೇ ದಿನದಲ್ಲಿ ವಾಪಸು ಬಂತು. ನಾಸಿಕದಿಂದ ಶೇಠರೇ ಬಂದರು. ಹಾಲಿನ ನಡುವೆ ಒಂದು ಚೀಲ ಬಿಚ್ಚಿ ಸುರಿಸಿದರು. ಅರವತ್ತು ಹೆಂಗಸರು ಮೇಜು ಬಿಟ್ಟು ಎದ್ದು ನಿಂತರು. ಯಾರು ಮಾಡಿದ್ದು ಎಂದು ಕೇಳುವ ಮೊದಲೇ ಅಕ್ಕ ಮುಂದೆ ಬಂದು, ನಾನು ಎಂದರು. ಇಬ್ಬರು ಜೊತೆಗಾರ್ತಿಯರ ಹೆಸರು ಎತ್ತಲಿಲ್ಲ. ಇದು ವಿಷದ ಕಾಳು, ಬಾಲವಾಡಿಗೆ ಹೋಗುತ್ತಿದೆ, ಲ್ಯಾಬಿನ ಸಾಹೇಬರೇ ದೀಪದಲ್ಲಿ ನೋಡಿದ್ದಾರೆ, ಕೇಳಿರಿ ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಶೇಠರು ಗದರಲಿಲ್ಲ. ಬಹಳ ಸಾವಧಾನವಾಗಿ, “ನೀವು ನೋಡಿದಿರಾ?” ಎಂದು ಕೇಳಿದರು.

ಆಗ ನನಗೆ ಮದುವೆಯಾಗಿ ಎಂಟು ತಿಂಗಳು. ಹೆಂಡತಿ ಬಸುರಿ. ಇದನ್ನೆಲ್ಲ ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಆ ಕ್ಷಣ ಹೆಂಡತಿಯೂ ನೆನಪಿಗೆ ಬರಲಿಲ್ಲ, ಹುಟ್ಟುವ ಕೂಸೂ ಬರಲಿಲ್ಲ. ಹೆದರಿಕೆ, ಅಷ್ಟೇ.

“ಅಂಥದ್ದೇನೂ ಇರಲಿಲ್ಲ ಸಾಹೇಬ್,” ಎಂದೆ.

ಅಕ್ಕ ನನ್ನನ್ನು ನೋಡಿದರು. ಸಿಟ್ಟು ಕಾಣಲಿಲ್ಲ. ಕೈಯಲ್ಲಿದ್ದ ಕಾಯಿಯೊಂದನ್ನು ಅಲುಗಾಡಿಸಿ ನೋಡುವಾಗ ಅವರ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು. ನಾನು ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಂಜೆಯವರೆಗೆ ಹೊರಗೆ ಬರಲಿಲ್ಲ. ಅವರನ್ನು ಅಂದೇ ಕೆಲಸದಿಂದ ತೆಗೆದರು. ಇಪ್ಪತ್ತು ದಿನ ಕಳೆಯುವುದರಲ್ಲಿ ನನಗೆ ಬಡ್ತಿ ಬಂತು. ನಾಸಿಕದ ಅಂಬಡಿನಲ್ಲಿದ್ದ ಶೇಠರ ದೊಡ್ಡ ಲ್ಯಾಬಿಗೆ ವರ್ಗ. ಅವರ ಮನೆಗೆ ಹೇಳಿಬರಲು ಹೋಗಲಿಲ್ಲ.

ಅಂಬಡಿನಲ್ಲಿ ಕೆಲಸಗಾರರ ಬಾಡಿಗೆ ಕೋಣೆಗಳ ಸಾಲಿನ ಹಿಂದೆ ನಮ್ಮ ಮನೆ. ಮಗಳು ಹುಟ್ಟಿದಳು, ಮಾತು ಕಲಿತಳು, ಮರಾಠಿಯಲ್ಲೇ ಕಲಿತಳು. ಮೂರು ವರ್ಷ ಹೀಗೇ ಹೋಯಿತು. ಇಗತಪುರಿ ಕಡೆಯಿಂದ ಬಂದ ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ ಗೇಟಿನ ವಾಚ್‌ಮನ್ ಬಂದು, ಯಾರೋ ಬಾಯಿ ಬಂದಿದ್ದಾರೆ ಎಂದ. ಹೋಗಿ ನೋಡಿದರೆ ಅಕ್ಕ. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಎದೆಗವಚಿಕೊಂಡ ಬಟ್ಟೆಯ ಚೀಲ. ತಾವು ನೆನೆದಿದ್ದರೂ ಚೀಲ ನೆನೆಯಲು ಬಿಟ್ಟಿರಲಿಲ್ಲ.

“ಆರಾಮ ಇದ್ದೀರೇನ್ರಿ ಸಾಹೇಬ್ರ?” ಎಂದರು. ಸುತ್ತ ಯಾರೂ ಇರಲಿಲ್ಲ. ಆದರೂ ಸಾಹೇಬ್ರ, ಆದರೂ ನೀವು. ಆಮೇಲೆ ಅವರು ನನ್ನನ್ನು ಎಂದೂ ತಮ್ಮಾ ಎನ್ನಲಿಲ್ಲ.

“ಒಂದೀಟು ಕಾಳು ತಂದೀನಿ. ದೀಪದಾಗ ಹಿಡೀತೀರೇನು?”

ಊಟದ ಬಿಡುವಿನಲ್ಲಿ, ಲ್ಯಾಬು ಖಾಲಿಯಿದ್ದಾಗ, ಪರೀಕ್ಷೆ ಮಾಡಿದೆ. ನಳಿಗೆಯನ್ನು ದೀಪದ ಕೆಳಗೆ ಹಿಡಿದು, “ಸ್ವಚ್ಛ ಅದಕ್ಕಾ, ಏನೂ ಇಲ್ಲ,” ಎಂದೆ.

“ಬಾಯಿಲೆ ಹೇಳಬ್ಯಾಡ್ರಿ,” ಎಂದರು. “ನನಗ ತೋರಸ್ರಿ.”

ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ಅವರು ಕಿಂಡಿಗೆ ಕಣ್ಣಿಟ್ಟು ತಾವೇ ನೋಡಿಕೊಂಡರು.

ಆ ಮೂರು ವರ್ಷದಲ್ಲಿ ಏನು ಮಾಡಿದ್ದರೆಂದು ಅವತ್ತು ಚಹಾ ಕುಡಿಯುತ್ತಾ ಹೇಳಿದರು. ಕೆಲಸ ಹೋದ ಮೇಲೆ ಒಂದು ವರ್ಷ ಯಾರೂ ಹತ್ತಿರ ಸೇರಿಸಲಿಲ್ಲ. ಆಮೇಲೆ ಔರಂಗಾಬಾದಿನ ಉತ್ತರಕ್ಕಿರುವ ಕನ್ನಡ ತಾಲೂಕಿನ ಹಳ್ಳಿಗಳಿಗೆ ಬಸ್ಸಿನಲ್ಲಿ ಓಡಾಡಲು ತೊಡಗಿದರು. “ಊರ ಹೆಸರು ಕನ್ನಡ, ಒಬ್ಬರಿಗೂ ಕನ್ನಡ ಬರೂದಿಲ್ಲ,” ಎಂದು ನಕ್ಕರು. ಅಲ್ಲಿಯ ರೈತರಿಗೆ ಒಂದೇ ಮಾತು: ಕಿತ್ತ ಬಳ್ಳಿಯನ್ನು ರಾಶಿ ಹಾಕಬೇಡಿ, ಬೇರು ಮೇಲೆ ಮಾಡಿ ಮಗುಚಿಡಿ, ಕಾಯಿ ಬಿಸಿಲು ನೋಡಲಿ, ಮಾರುವಾಗ ತೂಕಕ್ಕಾಗಿ ನೀರು ಹೊಡೆಯಬೇಡಿ, ಹಾಗೆ ಮಾಡಿದರೆ ಪೇಟೆಯವನಿಗಿಂತ ನಾನು ಜಾಸ್ತಿ ಕೊಡುತ್ತೇನೆ. ಮೊದಲ ವರ್ಷ ಇಬ್ಬರು ಒಪ್ಪಿದರು. ಪ್ರತಿ ಚೀಲದಿಂದ ಹಿಡಿ ಕಾಯಿ ತೆಗೆದು ಕಿವಿಗೆ ಹಿಡಿದು, ಸದ್ದು ಮಾಡಿದ್ದನ್ನು ಮಾತ್ರ ಕೊಂಡರು. ಗಂಡ ಫ್ಯಾಕ್ಟರಿಯ ಚೂರುಕಬ್ಬಿಣದಿಂದ ಸಣ್ಣ ಇಕ್ಕಳಗಳನ್ನು ಮಾಡಿಕೊಟ್ಟ. ಇಕ್ಕಳದ ಬಾಯಿಯಲ್ಲಿ ಕಾಯಿ ಇಟ್ಟು ಒತ್ತಿದರೆ ಸಿಪ್ಪೆ ಚಟ್ಟೆಂದು ಬಿಡುತ್ತದೆ, ಬೆರಳಿಗೆ ಕೆಲಸವಿಲ್ಲ. ಹನ್ನೆರಡು ಹೆಂಗಸರು ಸೇರಿದರು. ತೂಕದ ಕೂಲಿ ಇಲ್ಲ, ದಿನಗೂಲಿ.

“ಎಷ್ಟ್ ಸುಲದ್ರೂ ಅಷ್ಟೇ ಸಿಗ್ತದಂದ್ರ ಯಾಕ್ ನೀರು ಹೊಡೀತಾರ್ರಿ? ಹೆಣ್ಮಕ್ಕಳು ಕೆಟ್ಟವರಲ್ಲ. ತೂಕ ಕೆಟ್ಟದ್ದು.”

ಅದೇ ಬಾಲವಾಡಿಗಳನ್ನು ನಡೆಸುತ್ತಿದ್ದ ಸಂಸ್ಥೆಯವರ ಬಾಗಿಲಲ್ಲಿ ಐದಾರು ತಿಂಗಳು ಕೂತು, ಉಂಡೆಯ ಶೇಂಗಾ ಪೂರೈಸುವ ಕೆಲಸವನ್ನು ಹಿಡಿದಿದ್ದರು. ಹನ್ನೊಂದು ಬಾಲವಾಡಿ. ಪ್ರತಿ ಲಾಟು ಹೋಗುವ ಮೊದಲು ದೀಪದಲ್ಲಿ ನೋಡಬೇಕೆಂಬುದು ಯಾರೂ ಹಾಕಿದ ಷರತ್ತಲ್ಲ, ಅವರೇ ಹಾಕಿಕೊಂಡದ್ದು. ದೀಪ ಇದ್ದದ್ದು ನನ್ನ ಹತ್ತಿರ. ಹಾಗಾಗಿ ನನ್ನ ಹತ್ತಿರ ಬಂದಿದ್ದರು.

ನಾಲ್ಕು ವರ್ಷ ತಿಂಗಳಿಗೊಮ್ಮೆ ಬಂದರು. ಔರಂಗಾಬಾದಿನಿಂದ ಬೆಳಗಿನ ಎಸ್‌ಟಿ ಬಸ್ಸು, ಸಂಜೆಯ ಬಸ್ಸಿಗೆ ವಾಪಸು. ನನ್ನ ಹೆಂಡತಿಗೆ ರೊಟ್ಟಿ, ಹಚ್ಚಿಕೊಂಡು ತಿನ್ನಲು ಶೇಂಗಾ ಹಿಂಡಿ ತರುತ್ತಿದ್ದರು. ಮಗಳು ಮರಾಠಿಯಲ್ಲಿ ಉತ್ತರ ಕೊಟ್ಟರೆ ಕಿವಿ ಹಿಂಡಿ, “ನಿಮ್ಮಪ್ಪನ ಮಾತು ಕಲಿ ಅವ್ವೀ, ಅಜ್ಜಿ ಕೂಡ ಏನ್ ಮಾತಾಡ್ತಿ?” ಎನ್ನುತ್ತಿದ್ದರು. ತಮ್ಮ ಹೆಂಗಸರ ಸಂಗತಿಯನ್ನೆಲ್ಲ ಹೇಳುತ್ತಿದ್ದರು. ಈಗ ಎಲ್ಲರೂ ಒಂದೇ ವೃತ್ತದಲ್ಲಿ ಕೂತು ಊಟ ಮಾಡುತ್ತಾರೆ, ನಾನೂ ಕೂರುತ್ತೇನೆ ಎಂದು ಒಮ್ಮೆ ತುಸು ನಾಚಿಕೆಯಿಂದಲೇ ಹೇಳಿದರು. ಎಲ್ಲ ಮಾತೂ ಬರುತ್ತಿತ್ತು, ಆ ಒಂದು ದಿನದ ಮಾತು ಬಿಟ್ಟು. ಕ್ಷಮೆ ಕೇಳಬೇಕೆಂದು ನಾನು ಪ್ರತಿ ಸಲ ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗುತ್ತಿದ್ದೆ. ಬಸ್ಸು ಬರುತ್ತಿತ್ತು, ಅವರು ಹತ್ತುತ್ತಿದ್ದರು.

ಐದನೆಯ ವರ್ಷ ಸುಗ್ಗಿಯ ಹೊತ್ತಿಗೆ ಸರಿಯಾಗಿ ಅಕಾಲ ಮಳೆ ಹಿಡಿಯಿತು. ಮಗುಚಿಟ್ಟ ಬಳ್ಳಿ ಹೊಲದಲ್ಲೇ ನೆನೆಯಿತು. ಅವರು ತಂದ ಕಾಳನ್ನು ಪರೀಕ್ಷಿಸಿದಾಗ ನಳಿಗೆಯಲ್ಲಿ ನೀಲಿ ಹೊಳೆಯಿತು. ತೆಳ್ಳಗೆ, ಆದರೆ ಇತ್ತು. ಅವರು ಕಿಂಡಿಯಲ್ಲಿ ನೋಡಿ ನೇರ ನಿಂತರು. ಆ ತಿಂಗಳ ಮಾಲು ಕೊಡದಿದ್ದರೆ ಕೆಲಸ ಕೈ ಬಿಡುತ್ತದೆ, ಆ ಹೊತ್ತಿಗೆ ಇಪ್ಪತ್ತಾರಾಗಿದ್ದ ಹೆಂಗಸರ ಒಲೆ ನಿಲ್ಲುತ್ತದೆ ಎಂದು ನನಗೂ ಗೊತ್ತಿತ್ತು. ಅವರಿಗೆ ಏನಾದರೂ ಒಳ್ಳೆಯದು ಮಾಡಬೇಕೆಂಬ ತಹತಹ ನನಗೆ.

“ಬಹಳ ತೆಳು ಅದಕ್ಕಾ,” ಎಂದೆ. “ಇಷ್ಟು ಇದ್ರ ನಡೀತದ. ಚಲೋ ಕಾಳಿನ ಕೂಡ ಕಲಸಿ ಕೊಟ್ರ ಯಾರಿಗೂ ಗೊತ್ತಾಗೂದಿಲ್ಲ.”

ಅವರು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

“ಗೊತ್ತಾಗೂದಿಲ್ಲಂತ ನಿಮಗ ಹೆಂಗ ಗೊತ್ತು? ಮಕ್ಕಳ ಹೊಟ್ಟಿಯೊಳಗ ದೀಪಾ ಇಟ್ಟು ನೋಡ್ತೀರೇನು?”

ಚೀಲ ಎತ್ತಿಕೊಂಡು ಹೋದರು. ಆ ಲಾಟನ್ನು ಪೂರ್ತಿ ನೀಲಿ ಹಚ್ಚಿ, ಕೈಯಾರೆ ಸಾಬೂನಿನವರಿಗೆ ಹಾಕಿ ಬಂದರು ಎಂದು ಆಮೇಲೆ ತಿಳಿಯಿತು. ಮಾಲು ಸಮಯಕ್ಕೆ ಬರಲಿಲ್ಲವೆಂದು ಸಂಸ್ಥೆಯವರು ಬೇರೆಯವರಿಗೆ ಕೆಲಸ ಕೊಟ್ಟರು. ಬೇರೆಯವರೆಂದರೆ ಅದೇ ವ್ಯಾಪಾರಿ, ನಮ್ಮ ಕಾರ್ಖಾನೆಯ ಕರೇ ಕಾಳು ಒಯ್ಯುತ್ತಿದ್ದವನು.

ಮುಂದಿನ ತಿಂಗಳು ಅವರು ಬರಿಗೈಯಲ್ಲಿ ಬಂದರು. ಕುರ್ಚಿಯ ತುದಿಯಲ್ಲಿ ಕೂತು, “ಸಾಹೇಬ್ರ, ಅವತ್ತು ಬಾಲವಾಡಿ ಕಾಳು ದೀಪದಾಗ ಹಿಡದು ಏನು ನೋಡಿದ್ರಿ, ಅದನ್ನ ಕಾಗದದ ಮ್ಯಾಲ ಬರದು ಸಹಿ ಮಾಡ್ತೀರೇನು? ಕರೇ ಕಾಳು ಎಲ್ಲಿಗಿ ಹೋಗ್ತದ ಅಂತನೂ ಬರೀರಿ. ಸಂಸ್ಥಾದ ಆಫೀಸಿಗಿ ನಾ ಒಯ್ತೀನಿ,” ಎಂದರು.

“ನೋಡೋಣಕ್ಕಾ,” ಎಂದೆ. ಅವರು ತಲೆಯಾಡಿಸಿ, ಚಹಾ ಪೂರ್ತಿ ಕುಡಿದು, ಹೊರಟರು.

ಹನ್ನೊಂದು ದಿನ ತೆಗೆದುಕೊಂಡೆ. ಕೊನೆಗೆ ಬರೆದೆ. ಎರಡು ಪುಟ, ಏನನ್ನೂ ಮುಚ್ಚಿಡದೆ, ನಾನು ಸುಳ್ಳು ಹೇಳಿದ್ದನ್ನೂ ಸೇರಿಸಿ. ಅಂಚೆಯಲ್ಲಿ ಅವರಿಗೆ ಕಳಿಸಿದ ದಿನವೇ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಇದರಲ್ಲಿ ದೊಡ್ಡಸ್ತಿಕೆಯೇನಿಲ್ಲ, ಶೇಠರು ತೆಗೆಯುವ ಮೊದಲು ನಾನೇ ಬಿಟ್ಟೆ, ಅಷ್ಟೇ. ನಾಸಿಕದಲ್ಲೇ ಒಂದು ಔಷಧಿ ಕಾರ್ಖಾನೆಯಲ್ಲಿ ಕಡಿಮೆ ಸಂಬಳದ ಕೆಲಸ ಸಿಕ್ಕಿತು.

ಕಾಗದ ಕೆಲಸ ಮಾಡಿತು. ಮಾಡಿದ ರೀತಿ ಮಾತ್ರ ನಾವ್ಯಾರೂ ಎಣಿಸದ್ದು. ಸಂಸ್ಥೆಯವರಿಗೆ ಶೇಂಗಾದ ಗೊಡವೆಯೇ ಬೇಡವಾಯಿತು. ವ್ಯಾಪಾರಿಯನ್ನು ತೆಗೆದರು, ಅಕ್ಕನನ್ನು ವಾಪಸು ಕರೆಯಲಿಲ್ಲ, ಬಾಲವಾಡಿಗಳಲ್ಲಿ ಶೇಂಗಾ ಉಂಡೆಯನ್ನೇ ನಿಲ್ಲಿಸಿ ಚುರುಮುರಿ ಹಂಚಲು ಶುರು ಮಾಡಿದರು. ಕರೇ ಕಾಳಿನ ಚೀಲಗಳು ಇನ್ನೆಲ್ಲಿಗೋ ಹೋಗುತ್ತಿದ್ದವು, ಎಲ್ಲಿಗೆಂದು ಕೇಳುವವರಿರಲಿಲ್ಲ. ಇಪ್ಪತ್ತಾರು ಹೆಂಗಸರಲ್ಲಿ ಇಪ್ಪತ್ತು ಮಂದಿ ಮತ್ತೆ ತೂಕದ ಕೂಲಿಗೆ, ಒದ್ದೆ ತಟ್ಟಿನ ಹಿಂದೆ ಹೋಗಿ ಕೂತರು. ಉಳಿದ ಆರು ಮಂದಿಯನ್ನು ಇಟ್ಟುಕೊಂಡು ಅಕ್ಕ ಅಂಗಡಿ ಅಂಗಡಿಗೆ ಸಣ್ಣ ಪೊಟ್ಟಣ ಮಾಡಿ ಹಾಕುತ್ತಿದ್ದರು.

ಇದನ್ನೆಲ್ಲ ಕೇಳಿ ನಾನೇ ಔರಂಗಾಬಾದಿಗೆ ಹೋದೆ. ಅದೇ ಕೊನೆಯ ಭೇಟಿ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಇಕ್ಕಳದಲ್ಲಿ ಕಾಯಿ ಸುಲಿಯುತ್ತಿದ್ದರು. ಸೊರಗಿದ್ದರು. ಚುರುಮುರಿಯ ಮಾತು ತೆಗೆದು, “ಆ ಮಕ್ಕಳಿಗಿ ದಿನದಾಗ ಹೊಟ್ಟಿ ತುಂಬೂದು ಆ ಒಂದು ಉಂಡಿಲಿಂದೇ ಇತ್ತರಿ. ಗಾಳಿ ತಿನ್ನಸ್ಲಾಕತ್ತಾರ,” ಎಂದರು.

ಆಗ ಹೇಳಿದೆ. ಅಷ್ಟು ವರ್ಷ ಗಂಟಲಲ್ಲಿದ್ದದ್ದನ್ನು ಹೇಳಿದೆ. ಅವತ್ತು ನಾನು ಸುಳ್ಳು ಹೇಳಿ ನಿಮ್ಮ ಅನ್ನ ಕಳೆದೆ, ಕ್ಷಮಿಸಿ ಎಂದೆ. ಕಾಗದ ಬರೆದುಕೊಟ್ಟಿದ್ದೇನಲ್ಲ, ಕೆಲಸ ಬಿಟ್ಟಿದ್ದೇನಲ್ಲ ಎಂಬ ಒಂದು ಧೈರ್ಯವೂ ಇತ್ತು. ಆಗಲಿ ಬಿಡು ಎನ್ನುತ್ತಾರೆಂದು ಕಾದೆ.

ಅವರು ಇಕ್ಕಳ ಕೆಳಗಿಟ್ಟರು.

“ನಂದೇನದರಿ ಅದರಾಗ. ನೀವು ಖರೇ ಹೇಳಿದ್ರೂ ನನ್ನ ತಗೀತಿದ್ರು. ಆ ಮಾತು ನಾ ಅವತ್ತೇ ಬಿಟ್ಟೀನಿ.” ಸೆರಗಿನ ಮೇಲಿನ ಸಿಪ್ಪೆ ಕೊಡವಿದರು. “ನೀವು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ರಿ. ಆಮ್ಯಾಲ ಹಾಲಿನ್ಯಾಗ ಏನಾತು, ನಿಮಗ ಯಾರೂ ಹೇಳಿಲ್ಲೇನು?”

ಇಲ್ಲ ಎಂದೆ.

“ಮ್ಯಾನೇಜರ್ ಎಲ್ಲಾರ ಮುಂದ ನಿಂತು ಹೇಳ್ದ. ಕೆಮಿಸ್ಟ್ ಸಾಹೇಬ್ರು ಓದಿದವರು, ಅವರೇ ಏನೂ ಇಲ್ಲಂದಾರ, ಕರೇ ಕಾಳು ಏನೂ ಮಾಡೂದಿಲ್ಲ ಅಂದ. ಗೋದಾಮಿನ್ಯಾಗ ನೀಲಿ ಹಚ್ಚದ ಎಂಟು ಚೀಲ ಇನ್ನೂ ಉಳದಿದ್ದವು. ಬೇಕಾದವರು ಪುಕ್ಕಟ ಒಯ್ರಿ ಅಂದ. ಪುಕ್ಕಟ ಅಂದ್ರ ಯಾರು ಬಿಡ್ತಾರ್ರಿ? ನಾ ಗೇಟಿನ್ಯಾಗ ನಿಂತು ಒದರಿದೆ, ಒಯ್ಯಬ್ಯಾಡ್ರೇ, ವಿಷಾ ಅದ ಅಂತ. ಸಾಹೇಬ್ರೇ ಇಲ್ಲಂದಾರಲ್ಲ ಬಾಯಿ, ಅಂದ್ರು. ಉಡಿಯಾಗ ಕಟಗೊಂಡು ನನ್ನ ಮುಂದೇ ಹೋದ್ರು. ಎರಡು ಮೂರು ತಿಂಗಳ ತಿಂದಾರ. ಹುರದು ಮಕ್ಕಳಿಗಿ ಕೊಟ್ಟಾರ.”

ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಿದೆ.

“ಅದು ಅವತ್ತೇ ತೋರಿಸಿಕೊಳ್ಳೂದಿಲ್ಲ, ವರ್ಷಗಟ್ಟಲೆ ಒಳಗ ಕುಂದರತದ ಅಂತ ನೀವೇ ಹೇಳಿದ್ರಲ್ರಿ,” ಎಂದರು. ಚುಚ್ಚಲೆಂದು ಹೇಳಲಿಲ್ಲ. ಅವರಿಗೂ ಉತ್ತರ ಗೊತ್ತಿರಲಿಲ್ಲ. “ಕ್ಷಮಾ ಕೇಳೂದಿದ್ರ ಅವರಿಗಿ ಕೇಳ್ರಿ. ನಾ ಏನ್ ಅವರ ಪರವಾಗಿ ಹೇಳ್ಲಿ?”

ಒಳಗೆ ಹೋಗಿ ಚಹಾ ಮಾಡಿ ತಂದರು. ಕುಡಿದು ಬಂದೆ. ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ, ಯಾರಲ್ಲೂ ಏನೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಅವರ ಮಗನ ಕಾರ್ಡು ಬಂತು, ಮರಾಠಿಯಲ್ಲಿ. ನಿದ್ದೆಯಲ್ಲೇ ಹೋದರಂತೆ. ಶಿವಗಣಾರಾಧನೆಯ ದಿನ ಹೋದೆ. ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಕನ್ನಡ ತಾಲೂಕಿನಿಂದ ಐದಾರು ರೈತರು ಬಂದಿದ್ದರು. ಹಾಲಿನ ಹೆಂಗಸರೂ ಬಂದಿದ್ದರು, ಅರವತ್ತರಲ್ಲಿ ಮೂವತ್ತು ನಲವತ್ತು ಮಂದಿ ಇದ್ದಿರಬಹುದು. ಕೆಲವರು ನನ್ನನ್ನು ಗುರುತಿಸಿ, “ಕೆಮಿಸ್ಟ್ ಸಾಹೇಬ್,” ಎಂದು ಪ್ರೀತಿಯಿಂದ ಮಾತಾಡಿಸಿದರು. ತಮ್ಮ ಮಕ್ಕಳನ್ನು ಕರೆದು ತೋರಿಸಿದರು. ಇವಳು ಹತ್ತನೇ ತರಗತಿ, ಇವನು ಐಟಿಐಗೆ ಹೋಗುತ್ತಾನೆ, ಇವನದು ಸ್ವಲ್ಪ ಪ್ರಕೃತಿ ನೆಟ್ಟಗಿರುವುದಿಲ್ಲ, ಡಾಕ್ಟರಿಗೂ ಯಾಕೆಂದು ತಿಳಿಯುತ್ತಿಲ್ಲ. ನಾನು ಒಬ್ಬೊಬ್ಬರ ಮುಖವನ್ನೂ, ಕಣ್ಣಿನ ಬಿಳಿ ಹಳದಿಗೆ ತಿರುಗಿದೆಯೇ ಎಂದೂ ನೋಡುತ್ತಾ ನಿಂತೆ.

ಆ ಮಕ್ಕಳಲ್ಲೇ ಒಬ್ಬಳು, ಪಂಕ್ತಿಗೆ ನೀರು ಬಡಿಸುತ್ತಿದ್ದ ಹುಡುಗಿ, ಹದಿಮೂರು ಹದಿನಾಲ್ಕು ಇರಬಹುದು, ಎಷ್ಟೋ ಹೊತ್ತಿನಿಂದ ನಾನು ತನ್ನನ್ನೇ ನೋಡುತ್ತಿರುವುದನ್ನು ಕಂಡು ತಂಬಿಗೆ ಹಿಡಿದು ನಿಂತಳು. “ಕಾಯ್ ಬಘತಾಯ್, ಕಾಕಾ?” ಎಂದಳು. ಏನು ನೋಡುತ್ತಿದ್ದೀರಿ ಎಂದು.

“ಆರಾಮ ಇದ್ದೀಯೇನವ್ವಾ?” ಎಂದು ಕೇಳಿದೆ. ಕನ್ನಡದಲ್ಲೇ ಬಾಯಿಗೆ ಬಂತು. ಅವಳಿಗೆ ತಿಳಿಯಲಿಲ್ಲ. ನಕ್ಕು ಮುಂದಿನ ಎಲೆಗೆ ಹೋದಳು. ಅವಳು ಬಗ್ಗಿ ಏಳುತ್ತಾ, ಬಗ್ಗಿ ಏಳುತ್ತಾ ಸಾಲಿನ ತುದಿಯವರೆಗೆ ನೀರು ಹಾಕಿಕೊಂಡು ಹೋಗುವುದನ್ನು ನಾನು ಊಟಕ್ಕೆ ಕೂರದೆ ನೋಡುತ್ತಲೇ ನಿಂತಿದ್ದೆ.